ಏಳು ಕೋಟಿ ಚುಕ್ಕಿ, ಎರಡು ಸಾವಿರ ಪಿಕ್ಸೆಲ್

"ಡೇಟಾ ಬಿಸಾಕಿ ಗ್ರಾಫ್ ಬಿಡಿಸ್ತೀಯಾ?" ಅಂತ ಲ್ಯಾಬಿನಲ್ಲಿ ಎಲ್ಲರೂ ನಕ್ಕಿದ್ದರು. ಈಗ ಅವರಲ್ಲಿ ಮೂವರು ನನ್ನ ಸ್ಕ್ರಿಪ್ಟನ್ನೇ ಓಡಿಸುತ್ತಿದ್ದಾರೆ. ನಕ್ಕವರ ಹೆಸರು ಬೇಡ, ಕಥೆ ಮಾತ್ರ ಹೇಳುತ್ತೇನೆ.

ನನ್ನ ಕೆಲಸ ಬೇರಿಂಗ್‌ಗಳ ಕಂಪನ ಅಳೆಯುವುದು. ಸೆನ್ಸರ್ ಸೆಕೆಂಡಿಗೆ 20,000 ಸ್ಯಾಂಪಲ್ ಕೊಡುತ್ತದೆ. ಒಂದು ಗಂಟೆ ಓಡಿಸಿದರೆ 7 ಕೋಟಿ 20 ಲಕ್ಷ ಚುಕ್ಕಿ. ಒಂದಕ್ಕೆ 4 ಬೈಟ್ ಅಂದರೂ ಫೈಲು 288 ಎಂಬಿ. ಲೆಕ್ಕ ಮಾಡುವ ಪ್ರೋಗ್ರಾಂ ಸಿ ಭಾಷೆಯದು. ಅದರ ಹೊಟ್ಟೆಯೊಳಗೆ ಯಾರೋ ಯಾವತ್ತೋ ಬರೆದಿಟ್ಟ ಫೋರ್ಟ್ರಾನ್ ಅನ್ನುವ ಹಳೇ ಭಾಷೆಯ ಕೋಡ್ ಇದೆ, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಇದರಿಂದ ಅಚ್ಚಿಗೆ ಹೋಗುವಂಥ ಗ್ರಾಫ್ ಬರಬೇಕು. ಬೇಕಾಗಿದ್ದು ಇಷ್ಟೇ.

ಮೊದಲು ದುಡ್ಡು ಕೊಟ್ಟು ತಂದ ಒಂದು ಪ್ಯಾಕೇಜ್ ಇತ್ತು. ಲೈಸೆನ್ಸ್ ಒಂದೇ, ಜನ ಆರು. ಬೆಳಿಗ್ಗೆ ಬೇಗ ಬಂದವನದೇ ರಾಜ್ಯ. ಮೊದಲ ವರ್ಷ ರಿಯಾಯಿತಿ ಕೊಟ್ಟಿದ್ದರು. ಎರಡನೇ ವರ್ಷದ ಬಿಲ್ಲು ಬಂದಾಗ ನಮ್ಮ ಗೈಡ್ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಆ ದುಡ್ಡಿಗೆ ವರ್ಷಕ್ಕೊಂದು ಒಳ್ಳೇ ಲ್ಯಾಪ್‌ಟಾಪ್ ಬರುತ್ತಿತ್ತು. ಫಿಲ್ಟರ್ ಹಾಕುವ ಟೂಲ್‌ಬಾಕ್ಸಿಗೆ ಮತ್ತೆ ಬೇರೆ ದುಡ್ಡು. ಗ್ರಾಫ್ ಬಿಡಿಸುವ ಪೈಥಾನ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ್ದೂ ಇಂಥದ್ದೇ ಕಷ್ಟದಲ್ಲಿ ಅಲ್ವಾ? ಜಾನ್ ಹಂಟರ್ ಅಪಸ್ಮಾರ ರೋಗಿಗಳ ಮಿದುಳಿನ ಸಂಕೇತ ನೋಡುತ್ತಿದ್ದ ಲ್ಯಾಬಿನಲ್ಲೂ ಸಾಫ್ಟ್‌ವೇರಿನ ಕೀಲಿ ಒಂದೇ ಇತ್ತು, ಎಲ್ಲರೂ ಸರದಿ ಕಾಯುತ್ತಿದ್ದರು. ಅವರು ತಾವೇ ಬರೆಯಲು ಕೂತರು, 2003ರಲ್ಲಿ ಅದು ಹೊರಬಂತು. ನನಗೆ ಅಷ್ಟು ತಾಕತ್ತಿಲ್ಲ. ಇರುವುದನ್ನೇ ಜೋಡಿಸಲು ಹೊರಟೆ.

ಫೋರ್ಟ್ರಾನ್ ಇದೆಯಲ್ಲ ಅಂತ ಮೊದಲು ಪಿಜಿಪ್ಲಾಟ್ ಹಿಡಿದೆ. ಖಗೋಳದವರು ವರ್ಷಗಟ್ಟಲೆ ಬಳಸಿದ ಗ್ರಾಫ್ ಲೈಬ್ರರಿ. ಲಿಂಕ್ ಮಾಡುವುದರಲ್ಲೇ ನಾಲ್ಕು ದಿನ ಹೋಯಿತು. ಗೆರೆ ಮೂಡಿದಾಗ ಖುಷಿಯಾಯಿತು. ಆಮೇಲೆ ಲೈಸೆನ್ಸ್ ಓದಿದೆ. ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ ಪುಕ್ಕಟೆ ಅಂತಿತ್ತು. ನಮ್ಮ ಅರ್ಧ ಕೆಲಸ ಕಂಪನಿಗಳಿಗೆ ಮಾಡಿಕೊಡುವುದು. ನಾಲ್ಕು ದಿನ ನೀರಿಗೆ ಹೋಯಿತು.

ಮುಂದಿನದು ಪಿಎಲ್‌ಪ್ಲಾಟ್. ವ್ಯಾಪಾರಕ್ಕೂ ಬಳಸಬಹುದಾದ ಎಲ್‌ಜಿಪಿಎಲ್ ಲೈಸೆನ್ಸ್, ಸಿ-ಯಿಂದಲೂ ಫೋರ್ಟ್ರಾನಿನಿಂದಲೂ ಕರೆಯಬಹುದು. ಪ್ರೋಗ್ರಾಂ ಒಳಗಿಂದಲೇ ವಿಂಡೋ ತೆರೆದು, ಲೆಕ್ಕ ನಡೆಯುತ್ತಿದ್ದ ಹಾಗೇ ಗೆರೆ ಮೂಡುವಂತೆ ಮಾಡಿದೆ. ನೋಡಲು ಬಲು ಚೆಂದ. ಇನ್ನೊಂದು ಕಂಪ್ಯೂಟರಿನಲ್ಲಿ ಕೂತು ದೂರದಿಂದ ನೋಡುತ್ತಿದ್ದೆ. ಹನ್ನೊಂದನೇ ಗಂಟೆಯಲ್ಲಿ ನೆಟ್‌ವರ್ಕ್ ಒಂದು ಕ್ಷಣ ಕೈಕೊಟ್ಟಿತು. ದೂರದ ಪರದೆಗೆ ಚಿತ್ರ ಕಳಿಸುವ ಎಕ್ಸ್ ವಿಂಡೋ ಸಂಪರ್ಕ ತಪ್ಪಿದ ಕೂಡಲೇ ಪ್ರೋಗ್ರಾಂ ಸತ್ತಿತು, ಅದರ ಜೊತೆ ಹನ್ನೊಂದು ಗಂಟೆಯ ಲೆಕ್ಕವೂ. ಲೈಬ್ರರಿಯದೇನೂ ತಪ್ಪಿಲ್ಲ. ಎಕ್ಸ್ ಇರುವುದೇ ಹಾಗೆ. ಬೆಲೆಬಾಳುವ ಲೆಕ್ಕವನ್ನೂ ಸುಮ್ನೆ ನೋಡುವ ಚಿತ್ರವನ್ನೂ ಒಂದೇ ಪ್ರೊಸೆಸ್ಸಿಗೆ ಗಂಟು ಹಾಕಿದ್ದು ನಾನು. ಅವತ್ತಿನಿಂದ ಲೆಕ್ಕದ ಪ್ರೋಗ್ರಾಂ ಬೈನರಿ ಫೈಲು ಬರೆದು ಸುಮ್ಮನಾಗುತ್ತದೆ. ಬಿಡಿಸುವವನು ಬೇರೆ.

ಬಿಡಿಸಲು ಗ್ನೂಪ್ಲಾಟ್ ಬಂತು, ಆಜ್ಞೆ ಕೊಟ್ಟರೆ ಗ್ರಾಫ್ ಬಿಡಿಸುವ ಪ್ರೋಗ್ರಾಂ. 1986ರಿಂದ ಇರುವ ಮುದುಕ, ಹೆಸರಿಗೂ ಗ್ನೂ ಯೋಜನೆಗೂ ಸಂಬಂಧವಿಲ್ಲ. ಸಣ್ಣ ಸಿ ಪ್ರೋಗ್ರಾಮಿನಿಂದ ಪಿ-ಓಪನ್ ಮಾಡಿ ಪೈಪಿನಲ್ಲಿ ಆಜ್ಞೆ ಕಳಿಸಿದರೆ ವಿಂಡೋನೇ ತೆರೆಯಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಬರೆದದ್ದನ್ನು ತಕ್ಷಣ ಪೈಪಿಗೆ ತಳ್ಳುವ ಎಫ್‌ಫ್ಲಶ್ ಮರೆತಿದ್ದೆ. ನಗಬೇಡಿ, ನೀವೂ ಮರೆತಿರುತ್ತೀರಿ. ಸರಿಯಾದ ಮೇಲೆ ಹತ್ತು ನಿಮಿಷದ ಡೇಟಾ ಕೊಟ್ಟೆ, 1 ಕೋಟಿ 20 ಲಕ್ಷ ಚುಕ್ಕಿ. ಪಿಡಿಎಫ್ 60-70 ಎಂಬಿ ಆಯಿತು. ತೆರೆದರೆ ಗೆರೆ ಎಡದಿಂದ ಬಲಕ್ಕೆ ಬಸವನಹುಳದ ಹಾಗೆ ತೆವಳುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 'ಎವ್ರಿ 100' ಅಂತ ಹಾಕಿ ನೂರಕ್ಕೊಂದು ಚುಕ್ಕಿ ಇಟ್ಟುಕೊಂಡೆ. ಗ್ರಾಫ್ ಸರಸರ ಬಂತು, ನುಣ್ಣಗೂ ಇತ್ತು. ಗೈಡ್ ನೋಡಿ, "ಈ ಬೇರಿಂಗ್ ಚೆನ್ನಾಗಿದೆಯಲ್ಲ" ಅಂದರು. ನಾವೇ ಬಿರುಕು ಮಾಡಿ ಕೂರಿಸಿದ ಬೇರಿಂಗ್ ಅದು! ಬಿರುಕು ಕಾಣುವುದು ಮೂರ್ನಾಲ್ಕು ಸ್ಯಾಂಪಲ್ ಅಗಲದ ಮುಳ್ಳಿನಲ್ಲಿ. ನೂರಕ್ಕೊಂದು ಆರಿಸಿದರೆ ಆ ಮುಳ್ಳು ಹೆಚ್ಚಿನ ಸಲ ತಪ್ಪಿಸಿಕೊಳ್ಳುತ್ತದೆ. ಡೇಟಾ ಬಿಸಾಕುವ ಮಾತು ಹುಟ್ಟಿದ್ದು ಅವತ್ತೇ.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಪತ್ರಿಕೆಯ ಒಂದು ಕಾಲಂ ಮೂರೂವರೆ ಇಂಚು. ಇಂಚಿಗೆ 600 ಚುಕ್ಕಿ ಅಂದರೆ 2100 ಪಿಕ್ಸೆಲ್. ಒಂದು ಗಂಟೆಯ ಡೇಟಾ ಹಂಚಿದರೆ ಮೇಲಿಂದ ಕೆಳಗಿನ ಒಂದೊಂದು ಪಿಕ್ಸೆಲ್ ಸಾಲಿನ ಪಾಲಿಗೆ ಸುಮಾರು 34,000 ಸ್ಯಾಂಪಲ್. ಅಷ್ಟೂ ಒಂದೇ ನೆಟ್ಟಗಿನ ಕಡ್ಡಿಯಾಗಿ ಬೀಳುತ್ತವೆ. ಕಡ್ಡಿಗೆ ಬೇಕಾದ್ದು ತಲೆ ಮತ್ತು ಬುಡ ಅಷ್ಟೇ. ಹಾಗಾಗಿ ಪ್ರತಿ ಸಾಲಿನಲ್ಲಿ ದೊಡ್ಡದೊಂದು, ಚಿಕ್ಕದೊಂದು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ಯಾವ ಮುಳ್ಳೂ ತಪ್ಪುವುದಿಲ್ಲ. ಇದನ್ನು ಹೇಳಿದಾಗಲೂ ಯಾರೂ ನಂಬಲಿಲ್ಲ. ಒಂದು ಸಲ ಮುಳ್ಳು ನುಂಗಿದವನ ಮಾತು ಯಾರು ನಂಬುತ್ತಾರೆ?

ಬಾಯಲ್ಲಿ ವಾದ ಮಾಡಿ ಫಲವಿಲ್ಲ ಅಂತ ಚಿತ್ರವನ್ನೇ ಹೋಲಿಸಲು ಹೊರಟೆ. ಪೂರ್ತಿ ಡೇಟಾದ್ದೊಂದು, ನನ್ನದೊಂದು, ಎರಡನ್ನೂ ಮ್ಯಾಟ್‌ಪ್ಲಾಟ್‌ಲಿಬ್‌ನ ಪಿಕ್ಸೆಲ್ ಚಿತ್ರ ಮಾಡುವ ಆ್ಯಗ್ ಬ್ಯಾಕೆಂಡಿನಲ್ಲಿ ಬಿಡಿಸಿ ಒಂದರಿಂದ ಇನ್ನೊಂದನ್ನು ಕಳೆಯುವುದು. ಗೆರೆಯ ಅಂಚು ನಯ ಮಾಡುವ ಆ್ಯಂಟಿ-ಏಲಿಯಾಸಿಂಗ್ ತೆಗೆದೆ. ಆದರೆ ಈ ಲೈಬ್ರರಿ ಗೆರೆಯನ್ನು ತಾನೇ ಸರಳ ಮಾಡಿಕೊಳ್ಳುತ್ತದೆ. ಅದನ್ನು ಹಾಗೇ ಬಿಟ್ಟರೆ ಹೋಲಿಕೆ ಮೋಸವಾಗುತ್ತದೆ ಅಂತ ಪಾತ್ ಸಿಂಪ್ಲಿಫೈ ಆಫ್ ಮಾಡಿದೆ. ತಕ್ಷಣ ಸೆಲ್ ಬ್ಲಾಕ್ ಮಿತಿ ಮೀರಿತು ಅಂತ ಎರರ್. ಗೆರೆಯನ್ನು ತುಂಡು ತುಂಡಾಗಿ ಬಿಡಿಸಲು ಚಂಕ್‌ಸೈಜ್ 10,000 ಅಂತ ಕೊಟ್ಟ ಮೇಲೆ ದಾರಿಗೆ ಬಂತು. ಗಂಟೆಯ ಡೇಟಾ ಬಿಡಿಸುವ ತಾಳ್ಮೆ ನನಗಿರಲಿಲ್ಲ, ಹತ್ತು ನಿಮಿಷದ ತುಂಡು ತೆಗೆದುಕೊಂಡೆ.

ಮುನ್ನೂರಕ್ಕೂ ಜಾಸ್ತಿ ಪಿಕ್ಸೆಲ್ ಬೇರೆ ಬಂದವು. ಜೊತೆಯವನೊಬ್ಬ "ನೋಡಿದ್ಯಾ?" ಅಂದ. ನೋಡಿದೆ. ತಪ್ಪಿದ್ದ ಪಿಕ್ಸೆಲ್ಲೆಲ್ಲ ಎರಡು ಸಾಲು ಸೇರುವ ಕಡೆಯೇ ಇದ್ದವು. ಒಂದು ಸಾಲಿನಿಂದ ಪಕ್ಕದ ಸಾಲಿಗೆ ಗೆರೆ ಹಾಯುವುದು ಮೊದಲನೆಯದರ ಕೊನೇ ಸ್ಯಾಂಪಲ್ಲಿನಿಂದ ಎರಡನೆಯದರ ಮೊದಲ ಸ್ಯಾಂಪಲ್ಲಿಗೆ. ನಾನು ದೊಡ್ಡದರಿಂದ ಚಿಕ್ಕದಕ್ಕೆ ಎಳೆಯುತ್ತಿದ್ದೆ. ಪ್ರತಿ ಸಾಲಿಗೆ ಮೊದಲನೆಯದು, ಕೊನೆಯದು ಎರಡನ್ನೂ ಸೇರಿಸಿ ನಾಲ್ಕು ಇಟ್ಟುಕೊಂಡೆ, ಬಂದ ಕ್ರಮದಲ್ಲೇ. ಈ ಸಲ ಹತ್ತೋ ಹನ್ನೆರಡೋ ಪಿಕ್ಸೆಲ್ ಉಳಿದವು, ಅವೂ ಚೌಕಟ್ಟಿನ ಅಂಚಿನಲ್ಲಿ. ಅವನು ಮತ್ತೆ ಮಾತಾಡಲಿಲ್ಲ.

ಇನ್ನೊಂದು ಎಡವಟ್ಟು ಹೇಳಲೇಬೇಕು. ಕೆಲವು ಕಡೆ ಗ್ರಾಫಿನಲ್ಲಿ ಬಿಳೀ ಸೀಳು ಕಾಣುತ್ತಿತ್ತು. ಸೆನ್ಸರ್ ಆಗಾಗ ಒಂದು ಸ್ಯಾಂಪಲ್ ಬಿಡುತ್ತದೆ, ಆ ಜಾಗಕ್ಕೆ ನ್ಯಾನ್, ಅಂದರೆ 'ಸಂಖ್ಯೆಯಲ್ಲ' ಅನ್ನುವ ಗುರುತು ಬರುತ್ತದೆ. ನಾನು ಸಾಲಿನ ಮೊದಲ ಸ್ಯಾಂಪಲ್ಲನ್ನೇ 'ಇಲ್ಲಿವರೆಗಿನ ಚಿಕ್ಕದು' ಅಂತ ಇಟ್ಟು ಲೂಪ್ ಶುರು ಮಾಡುತ್ತಿದ್ದೆ. ಅದೇ ನ್ಯಾನ್ ಆಗಿದ್ದರೆ, ಯಾವ ಸಂಖ್ಯೆ ತಂದು ಹೋಲಿಸಿದರೂ ಉತ್ತರ 'ಇಲ್ಲ'. 34,000 ಒಳ್ಳೇ ಸ್ಯಾಂಪಲ್ ಬಾಗಿಲಲ್ಲೇ ನಿಂತವು, ಒಂದು ಕೆಟ್ಟದ್ದು ಸಿಂಹಾಸನದಲ್ಲಿ ಕೂತಿತು. ಎರಡು ದಿನ ಬೇಕಾಯಿತು ಇದು ಹೊಳೆಯಲು.

ಈಗ ಗಂಟೆಯ ಗ್ರಾಫಿಗೆ 8400 ಚುಕ್ಕಿ, ಪಿಡಿಎಫ್ 150 ಕೆಬಿ ಆಸುಪಾಸು. ಎಲ್ಲಿ ಝೂಮ್ ಮಾಡಿದರೂ ಒಂದು ಸೆಕೆಂಡಿನೊಳಗೆ ಹೊಸ ಗೆರೆ ಬರುತ್ತದೆ. ಪ್ರತಿ ಸಲ 288 ಎಂಬಿ ಓದಿ ಇಷ್ಟು ಬೇಗ ಬರಲ್ಲ, ಅದಕ್ಕೊಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ಒಂದು ಪೇಪರ್ ಬಾಕಿ ಇದೆ.

ಬಿಡಿಸುವ ಕೆಲಸ ಕೊನೆಗೆ ಮ್ಯಾಟ್‌ಪ್ಲಾಟ್‌ಲಿಬ್‌ಗೇ ಹೋಯಿತು. ಅಲ್ಲೂ ಏಟು ತಿಂದೆ. ಸೇವ್ ಮಾಡುವಾಗ ಬೌಂಡಿಂಗ್ ಬಾಕ್ಸ್ 'ಟೈಟ್' ಕೊಡುವ ಚಾಳಿ ಎಲ್ಲರಿಗೂ ಇದೆ. ಕೊಟ್ಟರೆ ಸುತ್ತಲ ಖಾಲಿ ಜಾಗ ಕತ್ತರಿಸಿ ಚಿತ್ರದ ಅಗಲವೇ ಬದಲಾಗುತ್ತದೆ. ಮೂರೂವರೆ ಇಂಚು ಅಂತ ಲೆಕ್ಕ ಹಾಕಿದ್ದೆಲ್ಲ ಹಾಳು. ಈಗ ಅಂಚನ್ನು ಕೈಯಾರೆ ಬಿಡುತ್ತೇನೆ. ಒಂದು ಪತ್ರಿಕೆ ಟೈಪ್ 3 ಫಾಂಟ್ ಇದೆ ಅಂತ ಪಿಡಿಎಫ್ ವಾಪಸ್ ಕಳಿಸಿತು, ಅದೂ ಕೊನೇ ದಿನ ಸಂಜೆ. ಪಿಡಿಎಫ್ ಫಾಂಟ್‌ಟೈಪ್ 42 ಅಂತ ಒಂದು ಸಾಲು ಸಾಕಿತ್ತು. ಮತ್ತೊಂದು ರಾತ್ರಿ 400 ಗ್ರಾಫ್ ಲೂಪಿಗೆ ಹಾಕಿ ಮನೆಗೆ ಹೋದೆ. ಮುಚ್ಚದೆ ತೆರೆದಿಟ್ಟ ಗ್ರಾಫ್ ಇಪ್ಪತ್ತು ದಾಟಿದಾಗಲೇ ಎಚ್ಚರಿಕೆ ಬಂದಿತ್ತು, ನೋಡಿಯೂ ನೋಡದ ಹಾಗಿದ್ದೆ. ಬೆಳಿಗ್ಗೆ ಮೆಮೊರಿ ತುಂಬಿ ಮಷೀನು ಮಲಗಿತ್ತು. ಕ್ಲೋಸ್ ಮಾಡಿ ಮಾರಾಯರೇ, ಕ್ಲೋಸ್ ಮಾಡಿ.

ನಡುವೆ ಸುಮ್ನೆ ಒಂದು ಆಟ ಆಡಿದೆ. ಅಕ್ಷದ ಹೆಸರನ್ನು ಕನ್ನಡದಲ್ಲಿ ಹಾಕೋಣ ಅಂತ 'ಒತ್ತಡ' ಅಂತ ಬರೆದೆ. ನನ್ನಲ್ಲಿದ್ದ ಮ್ಯಾಟ್‌ಪ್ಲಾಟ್‌ಲಿಬ್ ತಕಾರಕ್ಕೆ ಒತ್ತು ಕೊಡದೆ 'ಒತ್‌ತಡ' ಅಂತ ಬಿಡಿಸಿಟ್ಟಿತು. ಫಾಂಟ್ ಬದಲಿಸಿದರೂ ಅಷ್ಟೇ. ಅಕ್ಷರ ಕೂಡಿಸುವ ಕೆಲಸ ಅದಕ್ಕೆ ಬರುತ್ತಿರಲಿಲ್ಲ. ಅದೇ ಪದವನ್ನು ಗ್ನೂಪ್ಲಾಟಿನ ಪಿಡಿಎಫ್-ಕೈರೋ ಟರ್ಮಿನಲ್ಲಿಗೆ ಕೊಟ್ಟೆ. ಅದರ ಹಿಂದೆ ಅಕ್ಷರ ಕೂಡಿಸಬಲ್ಲ ಪ್ಯಾಂಗೋ ಇದೆ. ಒತ್ತು ಮುದ್ದಾಗಿ ಕೆಳಗೆ ಕೂತಿತು. ಮುದುಕನಿಗೆ ಅವತ್ತು ಕೈ ಮುಗಿದೆ. ಕನ್ನಡ ಲೇಬಲ್ ಬೇಕಾದಾಗ ಈಗಲೂ ಅವನ ಹತ್ತಿರವೇ ಹೋಗುತ್ತೇನೆ.

ಬಣ್ಣದ ನಕ್ಷೆಗಳನ್ನೂ ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿ ನೋಡಿದೆ. ಹಳೇ ಡೀಫಾಲ್ಟ್ ಬಣ್ಣಪಟ್ಟಿ ಜೆಟ್‌ನಲ್ಲಿ ಎರಡು ತುದಿಯ ನೀಲಿಯೂ ಕೆಂಪೂ ಹತ್ತಿರ ಹತ್ತಿರ ಒಂದೇ ಬೂದು. 2017ರ ಮ್ಯಾಟ್‌ಪ್ಲಾಟ್‌ಲಿಬ್ 2.0ರಿಂದ ವಿರಿಡಿಸ್ ಅನ್ನುವ ಬಣ್ಣಪಟ್ಟಿ ಯಾಕೆ ಡೀಫಾಲ್ಟ್ ಆಯಿತು ಅಂತ ಆಗ ಕಣ್ಣಿಗೇ ಕಂಡಿತು.

ಲೈಸೆನ್ಸ್ ನವೀಕರಿಸಲಿಲ್ಲ. ಉಳಿದ ದುಡ್ಡಿಗೆ ಎರಡು ಡಿಸ್ಕ್ ಬಂದವು, ಇನ್ನೂ ಮಿಕ್ಕಿತು. ನನ್ನ ಮೂರು ತಿಂಗಳ ಸಂಬಳವನ್ನೂ ಖರ್ಚಿಗೆ ಸೇರಿಸಿದರೆ ಪುಕ್ಕಟೆ ಅನ್ನಲಾಗದು ಅಂತ ಗೈಡ್ ಕಾಲೆಳೆಯುತ್ತಾರೆ. ಅದು ನಿಜವೇ. ಮುಂದಿನ ವರ್ಷದ ಬಿಲ್ಲು ಬರಲ್ಲ ಅನ್ನೋದೂ ನಿಜ.

ಗೆರೆಯಿಲ್ಲದ ಬರೀ ಚುಕ್ಕಿಯ ಗ್ರಾಫಿಗೆ ಈ ಯುಕ್ತಿ ನಡೆಯಲ್ಲ. ಅಲ್ಲಿ ತಲೆ-ಬುಡ ಇಟ್ಟುಕೊಂಡರೆ ನಡುವಿನ ದಟ್ಟಣೆ ಮಾಯ. ಸದ್ಯಕ್ಕೆ ಚುಕ್ಕಿಗಳನ್ನು ಮಾತ್ರ ಪಿಕ್ಸೆಲ್ ಚಿತ್ರವಾಗಿಸುವ ರಾಸ್ಟರೈಸ್ಡ್ ಆನ್ ಮಾಡಿ, ಅಕ್ಷ ಮತ್ತು ಅಕ್ಷರ ವೆಕ್ಟರಾಗಿಯೇ ಉಳಿಸುತ್ತೇನೆ. ಮೊನ್ನೆ, ಆರು ಮೂಲೆಯ ಕೋಣೆಗಳಲ್ಲಿ ಚುಕ್ಕಿ ಎಣಿಸಿ ಬಣ್ಣ ತುಂಬುವ ಹೆಕ್ಸ್‌ಬಿನ್ ಹಾಕಿ ನೋಡಿದೆ. ಚೆನ್ನಾಗಿದೆ, ಆದರೆ ಒಂಟಿ ಚುಕ್ಕಿಗಳು ತಿಳಿ ಬಣ್ಣದಲ್ಲಿ ಕಳೆದುಹೋಗುತ್ತವೆ. ನಮಗೆ ಬೇಕಾದ್ದು ಆ ಒಂಟಿ ಚುಕ್ಕಿಗಳೇ.