ವಾರ್ಡಿನ ಪಾಲು, ಪಾರ್ಕಿನ ಲೆಕ್ಕ

ದಾವಣಗೆರೆ ಮಹಾನಗರ ಪಾಲಿಕೆಯಲ್ಲಿ ಉದ್ಯಾನಗಳ ಅಂದಾಜುಪಟ್ಟಿ ತಯಾರಿಸುವ ಕೆಲಸ ನನ್ನ ಮೇಜಿಗೆ ಬಂದ ಮೊದಲ ವರ್ಷ, ಇದ್ದ ಹಣವನ್ನು 45 ವಾರ್ಡುಗಳಿಗೂ ಸಮನಾಗಿ ಹಂಚಿ ಕ್ರಿಯಾ ಯೋಜನೆ ಬರೆದುಬಿಟ್ಟೆ. ಯಾವ ಸದಸ್ಯರೂ ತಕರಾರು ತೆಗೆಯಲಾರರು ಎಂಬುದೇ ಅದರ ದೊಡ್ಡ ಗುಣವೆಂದು ಆಗ ನನಗೆ ತೋರಿತ್ತು. ಮಾರ್ಚ್ ಹೊತ್ತಿಗೆ ಎಂಸಿಸಿ ಬಡಾವಣೆ, ವಿದ್ಯಾನಗರದ ಕಡೆಯ ದೊಡ್ಡ ಪಾರ್ಕುಗಳಲ್ಲಿ ಹಣ ಸಾಲದೆ ಕಾಂಪೌಂಡಿಗೆ ಬಣ್ಣ ಬಳಿದು ಕೈತೊಳೆದುಕೊಂಡಿದ್ದೆವು. ಹಳೇ ಊರಿನ ಕೆಲವು ವಾರ್ಡುಗಳಲ್ಲಿ ಪಾರ್ಕೇ ಇಲ್ಲದ್ದರಿಂದ ಅಲ್ಲಿನ ಪಾಲು ಚರಂಡಿ ಕಾಮಗಾರಿಗೆ ಸೇರಿಹೋಗಿತ್ತು. ತಪ್ಪು ನನ್ನದೇ.

ಹೊಸ ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವಾಗಲೇ ಉದ್ಯಾನಕ್ಕೆ ಜಾಗ ಬಿಡಿಸಿಕೊಳ್ಳುತ್ತಾರೆ. ಹಳೇ ಪೇಟೆ ಅಂಥ ನಿಯಮಗಳಿಗಿಂತ ಮೊದಲೇ ಬೆಳೆದದ್ದು. ಆದ್ದರಿಂದ ಹಣವನ್ನು ಪಾರ್ಕಿನ ವಿಸ್ತೀರ್ಣ ನೋಡಿ ಕೊಟ್ಟರೆ, ಜಾಗವಿದ್ದವರಿಗೇ ಮತ್ತೆ ಜಾಸ್ತಿ ಕೊಟ್ಟಂತಾಗುತ್ತದೆ.

ಇನ್ನು ಹಣದ ಮೂಲವೂ ಒಂದಲ್ಲ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಸರ್ಕಾರ ದಾವಣಗೆರೆಯಂಥ ಊರುಗಳಿಗೆ 2021ರಿಂದ 2026ರವರೆಗಿನ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೈರ್ಮಲ್ಯ ಮತ್ತು ಕುಡಿಯುವ ನೀರಿಗೇ ಮೀಸಲಾಗಿತ್ತು. ಪಾರ್ಕಿನ ಕೋರಿಕೆ ರಸ್ತೆ, ಬೀದಿದೀಪಗಳ ಜೊತೆ ಪೈಪೋಟಿಗೆ ಬೀಳುತ್ತಿದ್ದುದು ಉಳಿದ ಶೇ 40ರಲ್ಲಿ. ನಗರಗಳ ನೀರು, ಒಳಚರಂಡಿಯಂಥ ಸೌಕರ್ಯಗಳಿಗೆಂದು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಅಮೃತ್ ಯೋಜನೆಯಲ್ಲಿ ಹಸಿರು ತಾಣಗಳಿಗೆ ಇದ್ದ ಮಿತಿ ಒಟ್ಟು ವೆಚ್ಚದ ಶೇ 2.5 ಮಾತ್ರ. ಪಾಲಿಕೆಯ ಸ್ವಂತ ನಿಧಿಯಲ್ಲಿ ಪರಿಶಿಷ್ಟರ ಕಲ್ಯಾಣಕ್ಕೆ ಶೇ 24.10 ತೆಗೆದಿಡಬೇಕು. ಅನುದಾನದಿಂದ ಜಾರುಬಂಡೆ, ಇಂಟರ್‌ಲಾಕ್ ಹಾದಿ ಬರುತ್ತವೆ, ಸರಿ; ಮಾಲಿಯ ಕೂಲಿ, ಬೋರ್‌ವೆಲ್ಲಿನ ಕರೆಂಟ್ ಬಿಲ್ ಮಾತ್ರ ಹೆಚ್ಚಾಗಿ ಆಸ್ತಿ ತೆರಿಗೆಯ ಹಣದಿಂದಲೇ ಹೋಗಬೇಕು. ಉದ್ಘಾಟನೆಯ ಕಲ್ಲು ಹೊಳೆಯುತ್ತಿದ್ದು ಹುಲ್ಲು ಒಣಗಿರುವ ಪಾರ್ಕುಗಳ ಗುಟ್ಟು ಇಷ್ಟೇ.

ಮರುವರ್ಷ ಅಂದಾಜುಪಟ್ಟಿಗೆ ಮೊದಲು ಒಂದು ಉದ್ದನೆಯ ಹಾಳೆ ಮಾಡಿಕೊಂಡೆ: ವಾರ್ಡಿನ ಜನಸಂಖ್ಯೆ, ನಡೆದು ಹೋಗುವಷ್ಟು ದೂರದಲ್ಲಿ ಬಯಲಿದೆಯೇ, ಕೊನೆಯ ಬಾರಿ ಅಲ್ಲಿ ಖರ್ಚಾದದ್ದು ಯಾವ ವರ್ಷ, ನೀರು ಹಾಕುವವರು ಯಾರು. ಕೊನೆಯ ಅಂಕಣವನ್ನು ನೋಡಿ ಕಚೇರಿಯಲ್ಲಿ ನಕ್ಕವರೇ ಹೆಚ್ಚು. ಪಾರ್ಕಿಲ್ಲದ ವಾರ್ಡುಗಳಲ್ಲಿ ನೀರಿನ ಟ್ಯಾಂಕಿನ ಪಕ್ಕದ ತುಂಡು ಜಾಗ, ಶಾಲೆಯ ಅಂಗಳ ಹುಡುಕುತ್ತ ನಡೆದೆ. ಒಂದು ಕಡೆ ಬೇವಿನ ಮರದ ಕೆಳಗೆ ಮೂವತ್ತು ಅಡಿಗೆ ನಲವತ್ತು ಅಡಿಯ ಒಂದು ಸೈಟಿನಷ್ಟೇ ಜಾಗವಿತ್ತು. ನಾನು ಟೇಪು ಹಿಡಿದು ಅಳೆಯುತ್ತಿದ್ದಾಗ ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು, “ಜಾರುಬಂಡಿ ಬ್ಯಾಡಪ್ಪಾ, ಒಂದು ಕಟ್ಟೆ ಕಟ್ಸಿ ಲೈಟ್ ಹಾಕ್ಸು, ಸಂಜಿಗೆ ಕುಂದ್ರಾಕ ಆಗ್ತೈತಿ” ಎಂದರು. ನನ್ನ ಕರಡಿನಲ್ಲಿ ಇದ್ದದ್ದು ಜಾರುಬಂಡೆಯೇ. ಅದನ್ನು ಹೊಡೆದುಹಾಕಿ ಕಟ್ಟೆ, ದೀಪ, ಒಂದು ನಲ್ಲಿ ಬರೆದೆ.

ಆ ಪಟ್ಟಿ ಸಭೆಯಲ್ಲಿ ಸುಲಭವಾಗಿ ದಾಟಲಿಲ್ಲ. ದೊಡ್ಡ ಪಾರ್ಕುಗಳ ಕಡೆಯವರು ತೆರಿಗೆ ಹೆಚ್ಚು ಕಟ್ಟುವವರು ತಾವೆಂದು ವಾದಿಸಿದರು, ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಕೊನೆಗೆ ಅವರಿಗೆ ನಿರ್ವಹಣೆಯ ಹಣ, ಹಳೇ ಊರಿಗೆ ಹೊಸ ಕಾಮಗಾರಿಯ ಹಣ ಎಂದು ಒಪ್ಪಂದವಾಯಿತು. ಬೇವಿನ ಮರದ ಕಟ್ಟೆ ಆ ವರ್ಷವೇ ಮುಗಿಯಿತು. ದೀಪದ ಸಂಪರ್ಕಕ್ಕೆ ಮಾತ್ರ ಇನ್ನೊಂದು ಮಳೆಗಾಲ ಕಳೆಯಬೇಕಾಯಿತು.