ಪೊಲೀಸರು ಗಾಡಿ, ಮನೆ ತಪಾಸಣೆ ಮಾಡಿದರೆ: ಸಹಿಗೆ ಅವಸರ ಬೇಡ

ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ ಬರುವಾಗ ಗಾಡಿಗೆ ಕೈ ಅಡ್ಡ ಹಿಡಿದರೆ ನಿಲ್ಲಿಸಿ, ದಾಖಲೆ ತೋರಿಸಿ. ಡಿಜಿಲಾಕರ್‌ನಲ್ಲಿದ್ದರೂ ಸಾಕು.

ಡಿಕ್ಕಿ ತೆರೆಯಲು ಹೇಳಿದರೆ ಕಾರಣ ಕೇಳಿ, ಮರ್ಯಾದೆಯಿಂದಲೇ ಕೇಳಿ. ವಾರಂಟ್ ಇಲ್ಲದೆ ಮುಟ್ಟುವಂತೆಯೇ ಇಲ್ಲ ಎನ್ನುವ ವಾಟ್ಸ್ಯಾಪ್ ಮೆಸೇಜು ತಪ್ಪು. ತನಿಖೆಗೆ ತುರ್ತಿದ್ದರೆ ಹುಡುಕಬಹುದು, ಆದರೆ ಸುಮ್ನೆ ಅಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಸೆಕ್ಷನ್ ಪ್ರಕಾರ ಅಧಿಕಾರಿ ಕಾರಣವನ್ನು ಬರೆದಿಡಬೇಕು, 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಕೇಳಿದರೆ ನಿಮಗೂ ಅದರ ಪ್ರತಿ ಪುಕ್ಕಟೆ ಸಿಗುತ್ತದೆ. ಖಾಸಗಿತನ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರಲ್ಲೇ ಹೇಳಿದೆ.

ಗಾಂಜಾ, ಎಂಡಿಎಂಎ ಸಂಶಯದ ಮೇಲೆ ಮೈ ತಪಾಸಣೆ ಮಾಡುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿ ಎಂದು ಕೇಳುವ ಹಕ್ಕಿದೆ. ಇದು ಮೈಗೆ ಮಾತ್ರ, ಬ್ಯಾಗಿಗೆ, ಗಾಡಿಗೆ ಅಲ್ಲ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು.

ಮನೆಗೆ ಬಂದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಜೊತೆಗೇ ಇರಿ, ಒಂದೊಂದು ಕೋಣೆಗೂ ಹೋಗಿ. ಊರಿನ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗೆ ಕರೆದಾಗ ಅಕ್ಕಪಕ್ಕದವರು ಜಾರಿಕೊಳ್ಳುವುದು ದೊಡ್ಡ ತಪ್ಪು. ಹೋಗಿ, ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕಿ. 2024ರ ಜುಲೈ 1ರಿಂದ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ವಶಕ್ಕೆ ತೆಗೆದುಕೊಂಡ ವಸ್ತುಗಳ ಪಟ್ಟಿ ಬರೆಯುವುದೂ ಅದರಲ್ಲಿ ಬರಬೇಕು.

ನಮ್ಮವರು ಎಡವುವುದು ಮಹಜರಿನಲ್ಲಿ, ಅಂದರೆ ಎಲ್ಲಿ ಹುಡುಕಿದರು, ಏನು ಸಿಕ್ಕಿತು ಎಂದು ಪೊಲೀಸರು ಬರೆದು ಸಹಿ ಹಾಕಿಸುವ ಕಾಗದದಲ್ಲಿ. ಬದಿಯಡ್ಕದ ಹತ್ತಿರದ ನಮ್ಮ ಮಾವ ಮಲಯಾಳ ಮಾತಾಡುತ್ತಾರೆ, ಓದಲು ಬಾರದು. ಹುಡುಕಿದ್ದು ಅಡಿಕೆ ಕೊಟ್ಟಿಗೆಯಲ್ಲಿ. ಕಾಗದದಲ್ಲಿ ಇದ್ದದ್ದು ರಸ್ತೆ ಬದಿ ಎಂದು. ಕೊನೆಯ ಸಾಲಿನ ಕೆಳಗೆ ನಾಲ್ಕು ಬೆರಳು ಖಾಲಿ ಜಾಗ. ಅವರು ಅದರಡಿಯಲ್ಲಿ ಸಹಿ ಹಾಕಿ ಕೊಟ್ಟೇಬಿಟ್ಟರು. ಶಾಲೆಯಲ್ಲಿ ಮಲಯಾಳ ಕಲಿತ ಮೊಮ್ಮಗಳು ಸಂಜೆ ಓದಿ ಹೇಳಿದ ಮೇಲೆಯೇ ಗೊತ್ತಾದದ್ದು.

ಹಾಗಾಗಿ ಪೂರ್ತಿ ಓದಿಸಿ. ಜಾಗ, ಸಮಯ, ವಸ್ತುಗಳ ಲೆಕ್ಕ, ಫೋನಿನ ಗುರುತು ಸರಿಯಿದೆಯಾ ನೋಡಿ. ಖಾಲಿ ಜಾಗಕ್ಕೆ ಗೀಟು ಎಳೆಯಲು ಹೇಳಿ. ಓದಿ ಹೇಳದಿದ್ದರೆ ಸಹಿಯ ಮೇಲೆ ಕನ್ನಡದಲ್ಲೇ ಬರೆಯಿರಿ: "ನನಗೆ ಮಲಯಾಳ ಓದಲು ಬರುವುದಿಲ್ಲ. ಓದಿ ಹೇಳಿಲ್ಲ." ತಾರೀಕು, ಗಂಟೆ ಹಾಕಿ. ಸಾಕ್ಷಿಗಳ ಸಹಿ ಇರುವ ಪಟ್ಟಿಯ ಪ್ರತಿ ಕೊಡಲೇಬೇಕು, ಪ್ರತಿಗೆ ಆಮೇಲೆ ಠಾಣೆಗೆ ಬನ್ನಿ ಎಂದರೆ ಒಪ್ಪಬೇಡಿ.

ಅಂಗಡಿಯ ಹಳೇ ಕಾನೂನು ಪುಸ್ತಕಗಳಲ್ಲಿ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 100, 165 ಎಂಬ ಹಳೇ ಸೆಕ್ಷನ್‌ಗಳಿವೆ. ಅದನ್ನು ಕೊಳ್ಳಬೇಡಿ, ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 103 ಮತ್ತು 185.

ತಪ್ಪಾಗಿದೆ ಅನಿಸಿದರೆ ಅದೇ ದಿನ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ದೂರು ಬರೆಯಿರಿ. ಸಂವಿಧಾನದ 350ನೇ ವಿಧಿ ಇರುವಾಗ ಕನ್ನಡದಲ್ಲೇ ಬರೆಯಬಹುದು. ಕೊಟ್ಟದ್ದಕ್ಕೆ ರಸೀದಿ ಇಸಿದುಕೊಳ್ಳಿ.