ಐಆರ್‌ಎಸ್ ಜಪ್ತಿ ನೋಟಿಸ್ ಬಂತಾ? ಮೇಲ್ಮನವಿ ಹೀಗೆ ಹಾಕಿ

ಅಮೆರಿಕದಲ್ಲಿರುವ ನಮ್ಮವರು ಐಆರ್‌ಎಸ್‌ನಿಂದ, ಅಂದರೆ ಅಲ್ಲಿನ ತೆರಿಗೆ ಇಲಾಖೆಯಿಂದ, ಬಾಕಿಯ ನೋಟಿಸ್ ಕಂಡರೆ ಎರಡರಲ್ಲಿ ಒಂದು ಮಾಡುತ್ತಾರೆ. ಡ್ರಾಯರಿಗೆ ತಳ್ಳುತ್ತಾರೆ, ಇಲ್ಲವೇ ಕಷ್ಟಸುಖವನ್ನೆಲ್ಲ ಪುಟಗಟ್ಟಲೆ ಬರೆದು ತಪ್ಪು ವಿಳಾಸಕ್ಕೆ ಕಳಿಸುತ್ತಾರೆ. ಎರಡೂ ಬೇಡ.

ಹಂತ 1: ಪತ್ರದ ಮೂಲೆಯಲ್ಲಿರುವ ನಂಬರ್ ನೋಡಿ. ಸಿಪಿ504 ಆದರೆ ಅದು ಎಚ್ಚರಿಕೆ. ಎಲ್‌ಟಿ11 ಅಥವಾ ಲೆಟರ್ 1058 ಆದರೆ ಲೆವಿ, ಅಂದರೆ ಸಂಬಳ ಅಥವಾ ಬ್ಯಾಂಕ್ ಖಾತೆಯ ಜಪ್ತಿ, ಹತ್ತಿರ ಬಂದಿದೆ. ಲೆಟರ್ 3172 ಆದರೆ ಲೀನ್. ಇದರಲ್ಲಿ ಹಣ ಹೋಗುವುದಿಲ್ಲ, ಆದರೆ ನಿಮ್ಮ ಆಸ್ತಿಯ ಮೇಲೆ ಸರ್ಕಾರದ ಹಕ್ಕು ದಾಖಲಾಗುತ್ತದೆ. ಮನೆ ಮಾರಲು ಹೋದಾಗ ಅಡ್ಡ ಬರುತ್ತದೆ.

ಹಂತ 2: ದಿನ ಎಣಿಸಿ. ಲೆವಿಗೆ ಪತ್ರದ ತಾರೀಖಿನಿಂದ 30 ದಿನ. ಕೈಗೆ ಸಿಕ್ಕ ದಿನದಿಂದಲ್ಲ! ಲೀನ್‌ಗೆ ಕೊನೆಯ ದಿನ ಪತ್ರದಲ್ಲೇ ಇರುತ್ತದೆ. ಬೆಂಗಳೂರಿಗೆ ವಾಪಸ್ ಬಂದವರು ಎಡವುವುದು ಇಲ್ಲೇ. ಐಆರ್‌ಎಸ್‌ಗೆ ಗೊತ್ತಿರುವ ಕೊನೆಯ ವಿಳಾಸಕ್ಕೆ ನೋಟಿಸ್ ಕಳಿಸಿದರೆ ಸಾಕು, ಅದು ಊರ್ಜಿತ. ವಿಳಾಸ ಬದಲಾದ ಕೂಡಲೇ ಫಾರಂ 8822 ಕಳಿಸಿಬಿಡಿ.

ಹಂತ 3: ಫಾರಂ 12153 ತುಂಬಿ. ಐಆರ್‌ಎಸ್‌ನ ಮೇಲ್ಮನವಿ ವಿಭಾಗದ ಮುಂದೆ ವಿಚಾರಣೆ ಕೋರುವ ಅರ್ಜಿ ಇದೇ. ಎರಡೇ ಪುಟ ಎಂದು ಸಸಾರ ಮಾಡಿ ಕೆಡಿಸುವವರೇ ಜಾಸ್ತಿ. ನೋಟಿಸ್‌ನಲ್ಲಿರುವ ತೆರಿಗೆ ವರ್ಷಗಳನ್ನು ಇದ್ದ ಹಾಗೇ ಇಳಿಸಿ, ಒಂದೂ ಬಿಡಬೇಡಿ. ಗಂಡ ಹೆಂಡತಿ ಇಬ್ಬರಿಗೂ ವಿಚಾರಣೆ ಬೇಕಿದ್ದರೆ ಇಬ್ಬರ ಸಹಿಯೂ ಬೇಕು. ಆಮೇಲೆ ಕಾರಣ. "ಇದು ಅನ್ಯಾಯ" ಎಂದು ಬರೆದರೆ ಪ್ರಯೋಜನವಿಲ್ಲ. ನಿಮಗೇನು ಬೇಕು ಅಂತ ಹೇಳಿ: ಕಂತಿನಲ್ಲಿ ಕಟ್ಟುತ್ತೇನೆ, ಕಡಿಮೆ ಮೊತ್ತಕ್ಕೆ ರಾಜಿ ಬೇಕು, ಈಗ ಕಟ್ಟುವ ಶಕ್ತಿ ಇಲ್ಲ, ಲೀನ್ ಹಿಂದೆ ತೆಗೆದುಕೊಳ್ಳಿ. ಇವಕ್ಕೆಲ್ಲ ಚೌಕಗಳಿವೆ, ಹೊಂದುವುದಕ್ಕೆಲ್ಲ ಗುರುತು ಹಾಕಿ. ವಿಚಾರಣೆಯಲ್ಲಿ ಎತ್ತದ ವಿಷಯವನ್ನು ಮುಂದೆ ಕೋರ್ಟಿನಲ್ಲಿ ಎತ್ತುವುದು ಕಷ್ಟ. ತೆರಿಗೆ ಲೆಕ್ಕವೇ ತಪ್ಪು ಎನ್ನುವ ವಾದ ನಡೆಯುವುದು, ಅದನ್ನು ಪ್ರಶ್ನಿಸಲು ಮೊದಲು ಅವಕಾಶ ಸಿಕ್ಕಿರದಿದ್ದರೆ ಮಾತ್ರ. ಕಂತನ್ನೋ ರಾಜಿಯನ್ನೋ ಕೇಳುವವರು ಬಾಕಿ ರಿಟರ್ನ್‌ಗಳನ್ನು ಮೊದಲು ಸಲ್ಲಿಸಿ. ಆದಾಯ, ಖರ್ಚಿನ ವಿವರ ಕೊಡುವ ಫಾರಂ 433-ಎ ಈಗಲೇ ತುಂಬಿಟ್ಟುಕೊಳ್ಳಿ.

"ಡಾಲರಿಗೆ ನಾಲ್ಕು ಕಾಸು ಕಟ್ಟಿ ಮುಗಿಸಿಕೊಡುತ್ತೇವೆ" ಎನ್ನುವ ಜಾಹೀರಾತಿನವರಿಗೆ ಮುಂಗಡ ಕೊಡಬೇಡಿ. ಫಾರಂ 12153ಕ್ಕೆ ಶುಲ್ಕವೇ ಇಲ್ಲ. ಮೊತ್ತ ದೊಡ್ಡದಿದ್ದರೆ ಒಬ್ಬ ಎನ್ರೋಲ್ಡ್ ಏಜೆಂಟ್, ಅಂದರೆ ಐಆರ್‌ಎಸ್ ಮುಂದೆ ನಿಮ್ಮ ಪರ ಮಾತಾಡಲು ಪರವಾನಗಿ ಇರುವ ತೆರಿಗೆ ತಜ್ಞ, ಸಾಕು.

ಹಂತ 4: ಸರ್ಟಿಫೈಡ್ ಮೇಲ್‌ನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ವಿಚಾರಣೆ ಕೋರಿಕೆಗೆ ನೋಟಿಸ್‌ನಲ್ಲಿ ಕೊಟ್ಟ ವಿಳಾಸಕ್ಕೆ, ಹಣ ಕಟ್ಟುವ ವಿಳಾಸಕ್ಕಲ್ಲ.

ಸಮಯಕ್ಕೆ ಹೋದರೆ ಲೆವಿ ಸಾಮಾನ್ಯವಾಗಿ ನಿಲ್ಲುತ್ತದೆ. ಬಡ್ಡಿ ನಿಲ್ಲುವುದಿಲ್ಲ. ವಸೂಲಿಗಿರುವ 10 ವರ್ಷದ ಗಡುವೂ ವಿಚಾರಣೆ ನಡೆಯುವಷ್ಟು ಕಾಲ ಮುಂದೆ ಹೋಗುತ್ತದೆ, ಹಾಗಾಗಿ ಸುಮ್ನೆ ಕಾಲ ತಳ್ಳಲು ಅರ್ಜಿ ಹಾಕಬೇಡಿ. ವಿಚಾರಣೆ ಹೆಚ್ಚಾಗಿ ಫೋನಿನಲ್ಲೇ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಟ್ಯಾಕ್ಸ್ ಕೋರ್ಟಿಗೆ 30 ದಿನ.

ಗಡುವು ತಪ್ಪಿದರೂ ಒಂದು ವರ್ಷದೊಳಗೆ ಅದೇ ಫಾರಂನಲ್ಲಿ 'ಸಮಾನ ವಿಚಾರಣೆ' (ಈಕ್ವಿವಲೆಂಟ್ ಹಿಯರಿಂಗ್) ಕೇಳಬಹುದು. ಆದರೆ ಕೋರ್ಟಿನ ದಾರಿ ಇರುವುದಿಲ್ಲ. ಬೇಗ ಉತ್ತರ ಬೇಕಾದವರಿಗೆ ವಸೂಲಿ ಕ್ರಮದ ವಿರುದ್ಧದ ಇನ್ನೊಂದು ಮೇಲ್ಮನವಿ, ಫಾರಂ 9423, ಇದೆ. ಅಲ್ಲಿಯೂ ಕೋರ್ಟಿಲ್ಲ.

ಬ್ಯಾಂಕ್ ಖಾತೆಗೆ ಆಗಲೇ ಲೆವಿ ಬಿದ್ದಿದೆಯಾ? ಬ್ಯಾಂಕ್ ಆ ಹಣವನ್ನು 21 ದಿನ ಹಿಡಿದಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ಅಂಚೆಗೆ ಕಾಯದೆ ಅವತ್ತೇ ನೋಟಿಸ್‌ನಲ್ಲಿರುವ ನಂಬರಿಗೆ ಫೋನ್ ಮಾಡಿ. ನಿಮ್ಮ ಕಷ್ಟ ತೋರಿಸಲು ಬಾಡಿಗೆ, ಔಷಧದ ಬಿಲ್ಲುಗಳು ಕೈಯಲ್ಲಿರಲಿ.